ಏಪ್ರಿಲ್ ರಜೆಯಲ್ಲಿ ಬೆನ್ ನೆವಿಸ್ ಹತ್ತಬಹುದಾ?

ಹೊರದೇಶದಲ್ಲಿ ಓದುತ್ತಿರುವ ಮಕ್ಕಳು ಮತ್ತು ಅವರ ಮನೆಯವರು ಬರೆದ ಪತ್ರಗಳಿಗೆ ಸಾಗರದಿಂದ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಾರ್ಚ್, ಏಪ್ರಿಲ್ ರಜೆಯ ತಿರುಗಾಟದ ಬಗ್ಗೆಯೇ ಇವೆ.

ಪ್ರಶ್ನೆ: ನಮ್ಮೂರು ಹೊಸನಗರ ತಾಲ್ಲೂಕು. ಈಗ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಈಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಫೋರ್ಟ್ ವಿಲಿಯಂಗೆ ಹೋಗಿ ಬೆನ್ ನೆವಿಸ್ ಹತ್ತಬೇಕು ಅಂತಿದ್ದೇವೆ. ಬ್ರಿಟನ್ನಿನಲ್ಲೇ ಎತ್ತರದ ಬೆಟ್ಟ ಅಂದರೂ ಅದು 1,345 ಮೀಟರ್ ಅಷ್ಟೇ. ನಮ್ಮ ಕೊಡಚಾದ್ರಿ 1,343. ಕೊಡಚಾದ್ರಿಯನ್ನು ನಾನು ಚಿಕ್ಕಂದಿನಿಂದ ಚಪ್ಪಲಿಯಲ್ಲೇ ಹತ್ತಿದವನು. ಸ್ಪೋರ್ಟ್ಸ್ ಶೂ ಇದೆ, ದಪ್ಪ ಜಾಕೆಟ್ ಇದೆ. ಸಾಕಲ್ವಾ? ಕಡಿಮೆ ಖರ್ಚಿನಲ್ಲಿ ಆ ಕಡೆ ಇನ್ನೇನು ನೋಡಬಹುದು? ಅಮ್ಮನಿಗೆ ಇನ್ನೂ ಹೇಳಿಲ್ಲ, ಸುಮ್ನೆ ಹೆದರುತ್ತಾರೆ.

ಉತ್ತರ: ಫೋರ್ಟ್ ವಿಲಿಯಂಗೆ ಖಂಡಿತ ಹೋಗಿ. ಬೆನ್ ನೆವಿಸ್ ತುದಿ ಮಾತ್ರ ಏಪ್ರಿಲ್‌ನಲ್ಲಿ ಬೇಡ. ನಿಮ್ಮ ಹತ್ತಿರ ಇರುವ ಸಾಮಾನಿನಲ್ಲಂತೂ ಬೇಡವೇ ಬೇಡ.

ನಾನು ಎಡಿನ್‌ಬರೋದಲ್ಲಿ ಓದಿದವಳು. ಈಗ ಮಳೆಗಾಲ ಕಳೆದ ಮೇಲೆ ಇಲ್ಲಿನ ಕಾಲೇಜು ಮಕ್ಕಳನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗುತ್ತಿರುತ್ತೇನೆ. ಎರಡೂ ಬೆಟ್ಟದ ದಾರಿ ಕಾಲಿಗೆ ಗೊತ್ತು. ಹಾಗಾಗಿ ನಿಮ್ಮ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಬಿಡಿಸಿ ಹೇಳುತ್ತೇನೆ.

ಎತ್ತರ ಹೆಚ್ಚುಕಡಿಮೆ ಒಂದೇ, ನಿಜ. ಆದರೆ ಕೊಡಚಾದ್ರಿಯನ್ನು ನಾವು ಎಲ್ಲಿಂದ ಹತ್ತುತ್ತೇವೆ? ಜೀಪು ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರಕ್ಕೇ ಹೋಗುತ್ತದೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಉಳಿಯುವುದು ಸ್ವಲ್ಪ ನಡಿಗೆ. ಹಿಡ್ಲುಮನೆ ಜಲಪಾತದ ದಾರಿ ಹಿಡಿದು ಪೂರ್ತಿ ನಡೆದರೂ ಹೊರಡುವುದು ಘಟ್ಟದ ಮೇಲಿನ ಊರಿಂದ. ಒಳ್ಳೆ ಪಾಲು ಎತ್ತರ ಆಗಲೇ ಮುಗಿದಿರುತ್ತದೆ. ಫೋರ್ಟ್ ವಿಲಿಯಂ ಇರುವುದು ಕಡಲ ಹಿನ್ನೀರಿನ ದಡದಲ್ಲಿ. ಗ್ಲೆನ್ ನೆವಿಸ್ ಕಣಿವೆಯಲ್ಲಿ ನೀವು ಹೊರಡುವ ಜಾಗ ಸಮುದ್ರ ಮಟ್ಟಕ್ಕಿಂತ ಇಪ್ಪತ್ತು ಮೂವತ್ತು ಮೀಟರ್ ಮೇಲೆ. ಅಂದರೆ 1,300 ಮೀಟರನ್ನೂ ಕಾಲಲ್ಲೇ ಏರಬೇಕು. ಹೋಗಿ ಬರಲು 16–17 ಕಿಲೋಮೀಟರ್. ಬೇಸಿಗೆಯಲ್ಲೇ ಏಳೆಂಟು ಗಂಟೆ ಬೇಕು.

ಅದಕ್ಕಿಂತ ದೊಡ್ಡ ವಿಷಯ ಚಳಿ. ಕೊಡಚಾದ್ರಿ ಇರುವುದು ಸಮಭಾಜಕದಿಂದ 14 ಡಿಗ್ರಿ ಉತ್ತರಕ್ಕೆ. ಬೆನ್ ನೆವಿಸ್ ಸುಮಾರು 57 ಡಿಗ್ರಿ. ಅದರ ತುದಿಯಲ್ಲಿ 1883ರಿಂದ 1904ರವರೆಗೆ ಒಂದು ಹವಾಮಾನ ವೀಕ್ಷಣಾಲಯ ಇತ್ತು. ಜನ ಚಳಿಗಾಲದಲ್ಲೂ ಅಲ್ಲೇ ಇದ್ದು ಗಂಟೆ ಗಂಟೆಗೂ ಉಷ್ಣಾಂಶ ಬರೆದಿಟ್ಟರು. ಆ ದಾಖಲೆ ಪ್ರಕಾರ ತುದಿಯ ವರ್ಷದ ಸರಾಸರಿ ಉಷ್ಣಾಂಶವೇ ಸೊನ್ನೆ ಡಿಗ್ರಿಗಿಂತ ಒಂಚೂರು ಕೆಳಗೆ. ಏಪ್ರಿಲ್‌ನಲ್ಲಿ ಊರೊಳಗೆ ಬಿಸಿಲಿರುತ್ತದೆ, ಜನ ಹೊರಗೆ ಕೂತು ಕಾಫಿ ಕುಡಿಯುತ್ತಿರುತ್ತಾರೆ. ಅದೇ ಹೊತ್ತಿಗೆ ಮೇಲೆ ಆಳವಾದ ಹಿಮ. ಬಿರುಗಾಳಿ ಎದ್ದರೆ ನಿಲ್ಲಲೂ ಆಗುವುದಿಲ್ಲ.

(ನೀವು ಯಾವ ವಿಷಯ ಓದುತ್ತಿದ್ದೀರಿ ಅಂತ ಬರೆದಿಲ್ಲ. ಆದರೂ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1894ರಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಯುವಕ ಆ ವೀಕ್ಷಣಾಲಯದಲ್ಲಿ ಕೆಲವು ವಾರ ಕೆಲಸ ಮಾಡಿದ. ಮೋಡದ ಮೇಲೆ ಬಿಸಿಲು ಬಿದ್ದಾಗ ಕಾಣುವ ಬಣ್ಣದ ಉಂಗುರಗಳು ಅವನ ತಲೆಗೆ ಹೊಕ್ಕವು. ಪ್ರಯೋಗಾಲಯದಲ್ಲಿ ಮೋಡ ಮಾಡಲು ಹೊರಟು ಕೊನೆಗೆ ಕ್ಲೌಡ್ ಚೇಂಬರ್ ಕಟ್ಟಿದ. ಕಣ್ಣಿಗೆ ಕಾಣದ ಕಣಗಳ ಜಾಡು ಅದರಲ್ಲಿ ಕಂಡಿತು. 1927ರಲ್ಲಿ ಅದಕ್ಕೇ ನೊಬೆಲ್ ಬಂತು.)

ಈಗ ಅಪಾಯದ ಮಾತು. ಬೆನ್ ನೆವಿಸ್ ತುದಿ ಚಪ್ಪಟೆ. ಉತ್ತರಕ್ಕೆ ನೂರಾರು ಮೀಟರ್ ಆಳದ ಬಂಡೆಗೋಡೆ. ಅದರ ಅಂಚಿನಲ್ಲಿ ಹಿಮ ಗಾಳಿಗೆ ಆಚೆ ಚಾಚಿಕೊಂಡು ನಿಂತಿರುತ್ತದೆ. ಮೇಲಿಂದ ನೋಡಿದರೆ ನೆಲ ಅನ್ನಿಸುತ್ತದೆ, ಕೆಳಗೆ ಏನೂ ಇರುವುದಿಲ್ಲ. ಇನ್ನೊಂದು ಕಡೆ ಫೈವ್ ಫಿಂಗರ್ ಗಲಿ ಎಂಬ ಕಡಿದಾದ ಕೊರಕಲು. ಮೋಡ ಇಳಿದರೆ ನೆಲದ ಬಿಳಿಗೂ ಆಕಾಶದ ಬಿಳಿಗೂ ನಡುವೆ ಗೆರೆಯೇ ಕಾಣದು. ಆಗ ದಿಕ್ಸೂಚಿ ಹಿಡಿದು ತುದಿಯ ಕಂಬದಿಂದ 231 ಡಿಗ್ರಿ ದಿಕ್ಕಿನಲ್ಲಿ 150 ಮೀಟರ್ ನಡೆದು, ಆಮೇಲೆ 282 ಡಿಗ್ರಿಗೆ ತಿರುಗಬೇಕು. ಹೆಜ್ಜೆ ಎಣಿಸಿಕೊಂಡೇ ನಡೆಯಬೇಕು. ಇದು ಅಲ್ಲಿನ ಬೆಟ್ಟದವರು ಬಾಯಿಪಾಠ ಮಾಡಿಕೊಂಡಿರುವ ಲೆಕ್ಕ. ಫೋನಿನ ಮ್ಯಾಪ್ ನಂಬಿಕೊಂಡು ಹೋದರೆ ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ.

ನಮ್ಮ ಮಂಜಿನಲ್ಲಿ ದಾರಿ ತಪ್ಪಿದರೆ ಒಂದು ಕಡೆ ಕೂತು ಕಾಯಬಹುದು. ನೆನೆದರೂ ಜೀವಕ್ಕೆ ಏನೂ ಆಗುವುದಿಲ್ಲ. ಅಲ್ಲಿ ನೆನೆದು ಕೂತರೆ ಮೈಯ ಶಾಖ ಇಳಿಯುತ್ತಾ ಹೋಗುತ್ತದೆ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಆಮೇಲೆ ತಲೆಯೇ ಓಡುವುದಿಲ್ಲ. ಮಳೆಗೆ ನಾವು ಹೆದರುವವರಲ್ಲ ಅಂತ ಮಲೆನಾಡಿನ ಹುಡುಗರು ಹೇಳುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಬೆನ್ ನೆವಿಸ್ ತುದಿಯಲ್ಲಿ ನಾಲ್ಕು ಸಾವಿರ ಚಿಲ್ಲರೆ. ಲೆಕ್ಕದಲ್ಲಿ ನಾವೇ ಗೆದ್ದೆವು. ಆದರೆ ನಮ್ಮದು ಬೆಚ್ಚಗಿನ ಮಳೆ.

ಆ ಹೊತ್ತಿನಲ್ಲಿ ತುದಿಗೆ ಹೋಗುವವರ ಕೈಯಲ್ಲಿ ಐಸ್ ಆಕ್ಸ್ ಎಂಬ ಹಿಮದ ಕೊಡಲಿ ಇರುತ್ತದೆ. ಕಾಲಿಗೆ ಗಟ್ಟಿ ಅಟ್ಟೆಯ ಬೂಟು, ಅದಕ್ಕೆ ಕಟ್ಟುವ ಕ್ರ್ಯಾಂಪಾನ್ ಎಂಬ ಕಬ್ಬಿಣದ ಹಲ್ಲು. ಇವನ್ನೆಲ್ಲ ಫೋರ್ಟ್ ವಿಲಿಯಂನಲ್ಲಿ ಬಾಡಿಗೆಗೆ ಕೊಡುತ್ತಾರೆ. ಆದರೆ ಜಾರಿದಾಗ ಕೊಡಲಿಯನ್ನು ಹಿಮಕ್ಕೆ ಊರಿ ನಿಲ್ಲುವುದು ಬಾಡಿಗೆಗೆ ಸಿಗುವುದಿಲ್ಲ, ಕಲಿಯಬೇಕು. ನಿಮಗೆ ನಿಜವಾಗಿ ಆಸೆ ಇದ್ದರೆ ಏವಿಮೋರ್ ಹತ್ತಿರದ ಗ್ಲೆನ್‌ಮೋರ್ ಲಾಡ್ಜ್‌ನಲ್ಲಿ ಚಳಿಗಾಲದ ಬೆಟ್ಟದ ತರಬೇತಿ ಇದೆ. ಇಲ್ಲವೇ ಜುಲೈ, ಆಗಸ್ಟ್‌ವರೆಗೆ ತಾಳಿ. ಬೆಟ್ಟ ಎಲ್ಲೂ ಹೋಗುವುದಿಲ್ಲ.

ಹಾಗಂತ ಏಪ್ರಿಲ್‌ನಲ್ಲಿ ಬೆಟ್ಟ ಮುಟ್ಟಲೇಬಾರದು ಅಂತಲ್ಲ. ಅದೇ ದಾರಿಯಲ್ಲಿ ಸುಮಾರು 570 ಮೀಟರ್ ಎತ್ತರಕ್ಕೆ ಒಂದು ಪುಟ್ಟ ಕೊಳ ಇದೆ. ಹಾಫ್‌ವೇ ಲೊಕನ್ ಅನ್ನುತ್ತಾರೆ. ಹವಾಮಾನ ಚೆನ್ನಾಗಿದ್ದು, ದಾರಿಯಲ್ಲಿ ಹಿಮ ಇಲ್ಲದಿದ್ದರೆ ಒಳ್ಳೆ ಬೂಟು ಹಾಕಿಕೊಂಡು ಅಲ್ಲಿಯವರೆಗೆ ಹೋಗಿ ಬರಬಹುದು. ಎಲ್ಲಿ ಹಿಮ ಕಾಲಿಗೆ ಸಿಕ್ಕಿತೋ ಅಲ್ಲಿಂದ ವಾಪಸ್. ಇದನ್ನು ನಾಲ್ಕೂ ಜನ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಮೇಲೆ ಹೋದ ಮೇಲೆ "ಇನ್ನೊಂಚೂರು" ಅನ್ನುವವನು ಗುಂಪಿನಲ್ಲಿ ಒಬ್ಬ ಇದ್ದೇ ಇರುತ್ತಾನೆ.

ಹವಾಮಾನಕ್ಕೆ ಫೋನಿನಲ್ಲಿ ಬರುವ ಊರಿನ ಚಿತ್ರ ನೋಡಬೇಡಿ. ಬೆಟ್ಟಕ್ಕೇ ಬೇರೆ ಮುನ್ಸೂಚನೆ ಇದೆ, ಎಂ.ಡಬ್ಲ್ಯು.ಐ.ಎಸ್. ಅಂತ. ಎತ್ತರದಲ್ಲಿ ಗಾಳಿ ಎಷ್ಟು, ಮೋಡ ಎಲ್ಲಿಗೆ ಇಳಿಯುತ್ತದೆ, ಎಲ್ಲ ಇರುತ್ತದೆ. ಗ್ಲೆನ್ ನೆವಿಸ್ ಯೂತ್ ಹಾಸ್ಟೆಲ್ ಬೆಟ್ಟದ ಬುಡದಲ್ಲೇ ಇದೆ. ನಾನು ಅಲ್ಲಿ ಉಳಿದಿದ್ದಾಗ ಕೌಂಟರಿನಲ್ಲಿದ್ದ ಹೆಂಗಸು ಎಲ್ಲರ ಕಾಲು ನೋಡುತ್ತಿದ್ದಳು. ಮುಖ ಅಲ್ಲ, ಕಾಲು. ಓಟದ ಶೂ ಹಾಕಿದವರನ್ನು ನಿಲ್ಲಿಸಿ ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಿದ್ದಳು. ಗೋಡೆಯ ಮೇಲಿನ ಮುನ್ಸೂಚನೆಯ ಹಾಳೆಯಲ್ಲಿ ಗಾಳಿಯ ಸಾಲಿಗೆ ಬೆರಳಿಟ್ಟು ತೋರಿಸುತ್ತಿದ್ದಳು. ಕೆಳಗೆ ಒದ್ದೆ ಬಟ್ಟೆ ಒಣಗಿಸುವ ಕೋಣೆ. ಶ್ರಾವಣದಲ್ಲಿ ನಮ್ಮ ಬಚ್ಚಲೊಲೆಯ ಮೇಲೆ ಕಂಬಳಿ ಒಣಗಿಸಿದಾಗ ಬರುತ್ತದಲ್ಲ, ಅದೇ ವಾಸನೆ. ಅಲ್ಲಿ ಬೂಟು ಕಳಚುತ್ತಾ ಕೂತವರನ್ನು ಮಾತಾಡಿಸಿ. ಅವತ್ತು ಮೇಲೆ ಹೋಗಿ ಬಂದವರಷ್ಟು ಸರಿಯಾಗಿ ಬೆಟ್ಟದ ಸ್ಥಿತಿಯನ್ನು ಯಾರೂ ಹೇಳಲಾರರು.

ಇನ್ನು ಕಡಿಮೆ ಖರ್ಚಿನ ಮಾತು. ಗ್ಲಾಸ್ಗೊದಿಂದ ಫೋರ್ಟ್ ವಿಲಿಯಂಗೆ ಬಸ್ಸೂ ಇದೆ, ರೈಲೂ ಇದೆ. ಬಸ್ಸು ಗ್ಲೆನ್‌ಕೋ ಕಣಿವೆಯಲ್ಲಿ ಹೋಗುತ್ತದೆ, ಸುಮಾರು ಮೂರು ಗಂಟೆ. ನಿಮ್ಮ ಗುಂಪಿನಲ್ಲಿ 22 ತುಂಬದವರಿದ್ದರೆ ಅವರು ಸ್ಕಾಟ್ಲೆಂಡಿನ ಉಚಿತ ಬಸ್ ಕಾರ್ಡಿಗೆ ಅರ್ಜಿ ಹಾಕಲಿ. ಅಲ್ಲಿ ವಾಸ ಇದ್ದರೆ ಸಾಕು, ಪೌರತ್ವ ಬೇಕಿಲ್ಲ. ಉಳಿದವರು ವಿದ್ಯಾರ್ಥಿಗಳ ರೈಲ್‌ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಪಾಲು ಉಳಿಯುತ್ತದೆ. ಹೋಗುವಾಗ ಬಸ್ಸು, ಬರುವಾಗ ರೈಲು ಮಾಡಿ. ಎರಡು ದಾರಿ ನೋಡಿದ ಹಾಗಾಗುತ್ತದೆ.

ಆ ರೈಲಿನ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. 1894ರಲ್ಲಿ ಹಾಕಿದ ಹಳಿ. ನಡುವೆ ರ‍್ಯಾನಕ್ ಮೂರ್ ಎಂಬ ದೊಡ್ಡ ಜೌಗು ಬಯಲು ಬರುತ್ತದೆ. ಅಡಿಪಾಯ ನಿಲ್ಲದ ನೆಲ. ಮರದ ಬೇರು, ಸೊಪ್ಪುಸದೆ, ಮಣ್ಣು, ಬೂದಿ ಎಲ್ಲ ಸುರಿದು ಅದರ ಮೇಲೆ ಹಳಿಯನ್ನು ತೇಲಿಸಿದ ಹಾಗೆ ಹಾಸಿದ್ದಾರೆ. ಅಲ್ಲೇ ಕೊರೂರ್ ಎಂಬ ನಿಲ್ದಾಣ ಇದೆ, 408 ಮೀಟರ್ ಎತ್ತರದಲ್ಲಿ. ಅದಕ್ಕೆ ಸಾರ್ವಜನಿಕ ರಸ್ತೆಯೇ ಇಲ್ಲ. ರೈಲಿನಲ್ಲಿ ಬರಬೇಕು, ಇಲ್ಲ ನಡೆದು ಬರಬೇಕು. ಬೆಳಗಿನ ರೈಲಿನಲ್ಲಿ ಇಳಿದು ಒಂದೂವರೆ ಕಿಲೋಮೀಟರ್ ನಡೆದರೆ ಲಾಕ್ ಆಸಿಯನ್ ಸರೋವರ. ಸುತ್ತ ಒಂದು ಊರಿಲ್ಲ, ಜಿಂಕೆಗಳ ಹಿಂಡು ಕಾಣುತ್ತದೆ. ದಿನಕ್ಕೆ ಬೆರಳೆಣಿಕೆಯ ರೈಲು, ಭಾನುವಾರ ಇನ್ನೂ ಕಡಿಮೆ. ವಾಪಸ್ ರೈಲಿನ ಹೊತ್ತನ್ನು ಕಾಗದದಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ.

ಫೋರ್ಟ್ ವಿಲಿಯಂನಿಂದ ಮುಂದೆ ಮ್ಯಾಲೆಗ್ ಎಂಬ ಕಡಲತೀರದ ಊರಿಗೆ ರೈಲಿನಲ್ಲಿ ಹೋಗುವಾಗ ಎಡಗಡೆ ಕಿಟಕಿಗೆ ಕೂತುಕೊಳ್ಳಿ. ಗ್ಲೆನ್‌ಫಿನನ್ ಸೇತುವೆ ಬರುತ್ತದೆ. 21 ಕಮಾನು, ಪೂರ್ತಿ ಕಾಂಕ್ರೀಟು, ಬಾಗಿ ತಿರುಗುವುದರಿಂದ ನಿಮ್ಮದೇ ರೈಲಿನ ಮುಂದಿನ ಬೋಗಿ ಕಾಣುತ್ತದೆ. ಪ್ರವಾಸಿಗರಿಗಂತಲೇ ಉಗಿಬಂಡಿ ಓಡಿಸುತ್ತಾರೆ, ಟಿಕೆಟ್ ದುಬಾರಿ. ಮಾಮೂಲಿ ರೈಲು ಹೋಗುವುದೂ ಅದೇ ಸೇತುವೆಯ ಮೇಲೆ.

ಗ್ಲೆನ್ ನೆವಿಸ್ ಕಣಿವೆಯ ತುದಿಯಲ್ಲಿ ಸ್ಟೀಲ್ ಜಲಪಾತ ಇದೆ, ಸುಮಾರು 120 ಮೀಟರ್. ಜೋಗ ನೋಡಿದವರಿಗೆ ಅದೇನು ಅನ್ನಿಸಬಹುದು. ಆದರೆ ಅಲ್ಲಿಗೆ ಹೋಗುವ ದಾರಿ ಚೆಂದ. ಇಕ್ಕಟ್ಟಿನ ಕಮರಿ, ಪಾಚಿ ಹತ್ತಿದ ಬಂಡೆ, ಹಳೆ ಮರ. ದಾಟಿದ ಕೂಡಲೇ ಬಯಲು ತೆರೆದುಕೊಳ್ಳುತ್ತದೆ. ಬಂಡೆ ಒದ್ದೆ ಇದ್ದರೆ ಜಾರುತ್ತದೆ, ಪಕ್ಕದಲ್ಲಿ ಪ್ರಪಾತ. ಅಡಿಕೆ ತೋಟದ ಸಂಕ ದಾಟಿ ಬೆಳೆದವರು ನೀವು, ಹೆಜ್ಜೆ ಇಡುವುದು ಗೊತ್ತಿರುತ್ತದೆ. ಕೊನೆಗೆ ಮೂರು ತಂತಿಯ ಸೇತುವೆ ಇದೆ: ಒಂದು ಕಾಲಿಗೆ, ಎರಡು ಕೈಗೆ. ಹೊಳೆ ತುಂಬಿದ್ದರೆ ಅದನ್ನು ಬಿಡಿ. ಜಲಪಾತ ಈಚೆ ದಡದಿಂದಲೇ ಚೆನ್ನಾಗಿ ಕಾಣುತ್ತದೆ.

ಸ್ಕಾಟ್ಲೆಂಡಿನಲ್ಲಿ 2003ರ ಕಾನೂನಿನಿಂದಾಗಿ ಬೇರೆಯವರ ಜಮೀನಿನಲ್ಲೂ ಹೆಚ್ಚಿನ ಕಡೆ ನಡೆಯುವ ಹಕ್ಕು ನಮಗಿದೆ. ಜವಾಬ್ದಾರಿಯಿಂದ ನಡೆದುಕೊಳ್ಳಬೇಕು, ಅಷ್ಟೇ. ಏಪ್ರಿಲ್ ಅಂದರೆ ಕುರಿ ಮರಿ ಹಾಕುವ ಕಾಲ. ತಾಯಿ ಕುರಿಯ ಹತ್ತಿರ ಫೋಟೋಕ್ಕೆ ಅಂತ ಹೋಗಬೇಡಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ದಣಪೆ ಹಾಕದೆ ಬಂದವರಿಗೆ ನಮ್ಮಲ್ಲಿ ಏನು ಬೈಗುಳ ಬೀಳುತ್ತದೆ ಅಂತ ನಿಮಗೇ ಗೊತ್ತಲ್ಲ.

ಉಣುಗಿನ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸ್ಕಾಟ್ಲೆಂಡಿನ ಉಣುಗು ಲೈಮ್ ಎಂಬ ಬೇರೆ ಕಾಯಿಲೆ ತರುತ್ತದೆ. ಏಪ್ರಿಲ್‌ಗೆ ಅವು ಎದ್ದಿರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸಂಜೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ. ಆಮೇಲೆ ಕೆಲವು ವಾರಗಳಲ್ಲಿ ಕೆಂಪು ವೃತ್ತ ಹರಡುತ್ತಾ ಬಂದರೆ ಡಾಕ್ಟರ ಹತ್ತಿರ ಹೋಗಿ, ಆಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ.

ಹಾಸ್ಟೆಲಿನಲ್ಲಿ ಅಡುಗೆಮನೆ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದರೆ ಊಟದ ಖರ್ಚು ಅರ್ಧ ಉಳಿಯಿತು. ಒಣಮೆಣಸಿನ ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆಯಿರಿ. ಹೊಗೆ ಗಂಟೆ ಹೊಡೆದರೆ ಇಡೀ ಹಾಸ್ಟೆಲ್ ಚಳಿಯಲ್ಲಿ ಹೊರಗೆ ಬಂದು ನಿಲ್ಲಬೇಕು.

ಕೊನೆಯದಾಗಿ ಅಮ್ಮನ ವಿಷಯ. ಹೇಳಿ. ಇವತ್ತೇ ಹೇಳಿ. ತುದಿಗೆ ಹೋಗುವುದಿಲ್ಲ, ಕೊಳದ ತನಕ ಮಾತ್ರ ಅಂತ ಹೇಳಿದರೆ ಆ ಮಾತು ನಿಮ್ಮನ್ನೂ ಕಟ್ಟಿಹಾಕುತ್ತದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಮೇಲೆ ನಮಗೂ ನಿಮಗೂ ನಾಲ್ಕೂವರೆ ಗಂಟೆಯ ವ್ಯತ್ಯಾಸ. ನೀವು ಸಂಜೆ ಆರಕ್ಕೆ ಫೋನ್ ಮಾಡಿದರೆ ಇಲ್ಲಿ ಹತ್ತೂವರೆ. ಅಲ್ಲಿಯ ತನಕ ಅವರು ಮಲಗುವುದಿಲ್ಲ ಅನ್ನುವುದನ್ನು ನೆನಪಿಡಿ. ಅಮ್ಮ ಶಿವಮೊಗ್ಗ ಜಿಲ್ಲೆಯಿಂದ ಬೆಟ್ಟಕ್ಕೆ ಜನ ಕಳಿಸಲಾರರು. ಹಾಗಾಗಿ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹಾಸ್ಟೆಲಿನಲ್ಲೂ ಹೇಳಿ ಹೊರಡಿ. ತೊಂದರೆಯಾದರೆ 999. ಮೊದಲು ಪೊಲೀಸ್ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಬೇಕು. ಸಿಗ್ನಲ್ ಸಾಲದಿದ್ದರೆ ಮೆಸೇಜ್ ಕೂಡ ಕಳಿಸಬಹುದು. ಅದಕ್ಕೆ ಈಗಲೇ ರಿಜಿಸ್ಟರ್ ಅಂತ ಇಂಗ್ಲಿಷಿನಲ್ಲಿ ಬರೆದು 999ಕ್ಕೆ ಕಳಿಸಿ ಹೆಸರು ಹಚ್ಚಿಕೊಳ್ಳಿ. ಬರುವವರು ಸಂಬಳ ಇಲ್ಲದ ಸ್ವಯಂಸೇವಕರು. ಮನೆ, ಊಟ ಬಿಟ್ಟು ಕತ್ತಲಲ್ಲಿ ಬೆಟ್ಟ ಹತ್ತುತ್ತಾರೆ. ಒಂದು ಪೈಸೆ ಕೇಳುವುದಿಲ್ಲ.

ಪ್ರಶ್ನೆ: ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದೇನೆ, ಊರು ಭದ್ರಾವತಿ. ರಜೆಗೆ ಪ್ಯಾರಿಸ್ ಅಂದುಕೊಂಡಿದ್ದೇವೆ. ಬ್ರಿಟನ್ ವೀಸಾ ಇದ್ದರೆ ಸಾಕು ಅಂತ ಗೆಳೆಯ ಹೇಳುತ್ತಾನೆ. ಆಗದಿದ್ದರೆ ಡಬ್ಲಿನ್ ಆದರೂ ಆದೀತಾ?

ಉತ್ತರ: ಸಾಲದು. ಪ್ಯಾರಿಸ್‌ಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಖರ್ಚು ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಿರಲೇಬೇಕು. ಈಸ್ಟರ್ ಹತ್ತಿರ ಬಂದ ಹಾಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಡಬ್ಲಿನ್ ಇರುವುದು ಐರ್ಲೆಂಡ್ ಎಂಬ ಬೇರೆ ದೇಶದಲ್ಲಿ, ಅಲ್ಲಿಗೂ ಬೇರೆ ವೀಸಾ ಬೇಕು. ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು, ಅಲ್ಲಿಗೆ ಧಾರಾಳವಾಗಿ ಹೋಗಿ. ಅಲ್ಲಿಂದ ಡಬ್ಲಿನ್ ಬಸ್ಸು ಹತ್ತಿದರೆ ಗಡಿಯಲ್ಲಿ ಯಾರೂ ತಡೆಯದೇ ಇರಬಹುದು. ಆದರೂ ವೀಸಾ ಇಲ್ಲದೆ ದಾಟಿದರೆ ಅದು ಕಾನೂನು ಮುರಿದ ಹಾಗೆ. ಓದಲು ಬಂದ ವೀಸಾವನ್ನು ಎರಡು ದಿನದ ತಿರುಗಾಟಕ್ಕೆ ಪಣಕ್ಕಿಡಬೇಡಿ.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮಗಳು ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಮಾರ್ಚ್‌ನಲ್ಲಿ ಸ್ಪ್ರಿಂಗ್ ಬ್ರೇಕ್ ಅಂತ ಒಂದು ವಾರ ರಜೆ. ಗೆಳತಿಯರ ಜೊತೆ ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೋಗುತ್ತಾಳಂತೆ. ಸಾಲ ಮಾಡಿ ಕಳಿಸಿದ್ದೇವೆ. ದುಡ್ಡಿಗಿಂತ, ವಾಪಸ್ ಒಳಗೆ ಬಿಡದೇ ಇದ್ದರೆ ಅನ್ನುವ ಭಯ. ಹೋಗು ಅನ್ನಲಾ, ಬೇಡ ಅನ್ನಲಾ?

ಉತ್ತರ: ಕಾಗದ ಸರಿ ಇದ್ದರೆ ಹೋಗು ಅನ್ನಿ. ಚಳಿಗಾಲ ಪೂರ್ತಿ ಕೋಣೆ, ಲ್ಯಾಬು ಅಂತ ಕಳೆದ ಮಕ್ಕಳಿಗೆ ಬಿಸಿಲು ಬೇಕು. ಖರ್ಚು ಅವಳೇ ಕ್ಯಾಂಪಸ್ ಕೆಲಸದಲ್ಲಿ ಉಳಿಸಿದ್ದಾದರೆ ಇನ್ನೂ ಸಂತೋಷ.

ಅವಳನ್ನು ಕೇಳಬೇಕಾದ್ದು ಇಷ್ಟು. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಚೀಟಿಯ ಅವಧಿ ಇನ್ನೂ ಇದೆಯಾ? ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ. ಓದಲು ಸೇರಿದ್ದಕ್ಕೆ ವಿಶ್ವವಿದ್ಯಾಲಯ ಕೊಟ್ಟ ಐ-20 ಎಂಬ ಪತ್ರದಲ್ಲಿ ಅಲ್ಲಿನ ಅಧಿಕಾರಿಯ ಪ್ರಯಾಣದ ಸಹಿ ಇದೆಯಾ? ಅದು ಒಂದು ವರ್ಷಕ್ಕೆ ಸಲ್ಲುತ್ತದೆ. ಸಹಿ ಹಳೆಯದಾದರೆ ಹೊಸದು ಹಾಕಿಸಬೇಕು. ಮೂಲ ಐ-20 ಕೈಚೀಲದಲ್ಲಿರಲಿ, ಫೋನಿನ ಫೋಟೋ ಸಾಲದು. ವೀಸಾ ಚೀಟಿಯ ಅವಧಿ ಮುಗಿದಿದ್ದರೂ 30 ದಿನದೊಳಗೆ ಮೆಕ್ಸಿಕೋ, ಕೆನಡಾಕ್ಕೆ ಹೋಗಿ ಮರಳಲು ಒಂದು ನಿಯಮ ಇದೆ. ಆದರೆ ಅದಕ್ಕೆ ಷರತ್ತುಗಳಿವೆ, ವಿಮಾನದ ಕೌಂಟರಿನಲ್ಲೇ ತಕರಾರು ಬರಬಹುದು. ನನ್ನ ಮಗಳಾಗಿದ್ದರೆ ಆ ಸ್ಥಿತಿಯಲ್ಲಿ ಅಮೆರಿಕದೊಳಗೇ ಎಲ್ಲಾದರೂ ಹೋಗು ಅನ್ನುತ್ತಿದ್ದೆ. ಕೆನಡಾಕ್ಕೆ ಭಾರತೀಯರಿಗೆ ಬೇರೆ ವೀಸಾ ಬೇಕೇ ಬೇಕು.

ಇನ್ನೊಂದು ಮಾತು, ಇದನ್ನು ಅವಳಿಗೆ ನೀವೇ ಹೇಳಿ. ತುಂಗೆಯಲ್ಲಿ ಈಜು ಕಲಿತವಳಾದರೆ ನೀರಿಗೆ ಹೆದರುವುದಿಲ್ಲ. ಸಮುದ್ರದ ಸೆಳೆತ ಬೇರೆ. ಅಲೆ ಒಡೆಯದೆ ಸಮತಟ್ಟಾಗಿ ಕಾಣುವ ಜಾಗದಲ್ಲೇ ನೀರು ಒಳಕ್ಕೆ ಎಳೆಯುತ್ತಿರಬಹುದು. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಲು ಹೋಗಿ ದಣಿಯಬಾರದು. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಕಡಲತೀರದಲ್ಲಿ ಬಾವುಟ ಕಟ್ಟಿರುತ್ತಾರೆ. ಕೆಂಪು ಅಥವಾ ಕಪ್ಪು ಕಂಡರೆ ಕಾಲು ಒದ್ದೆ ಮಾಡಿಕೊಳ್ಳುವುದೂ ಬೇಡ.

ಟಿಕೆಟ್ ಬುಕ್ ಮಾಡುವ ಮುಂಚೆ ಈ ವಾರವೇ ಐ-20 ತೆಗೆದು ನೋಡಲು ಹೇಳಿ. ರಜೆ ಹತ್ತಿರವಾದಾಗ ಎಲ್ಲರೂ ಒಟ್ಟಿಗೆ ಸಹಿಗೆ ಬರುತ್ತಾರೆ, ಕೆಲವು ದಿನ ಹಿಡಿಯುತ್ತದೆ.